ಆಳುವವನ ಹೊಣೆ ಯಾರ ಮುಂದೆ?

ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನನ್ನು ಕೊಂದರೆ ಅದನ್ನು ಕೊಲೆಯೆಂದು ಕರೆಯುವುದಕ್ಕೆ ಯಾರೂ ಹಿಂಜರಿಯುವುದಿಲ್ಲ. ಊರವರು ಕೂಡುತ್ತಾರೆ, ಪೋಲೀಸರು ಬರುತ್ತಾರೆ, ನ್ಯಾಯಸ್ಥಾನವು ಸಾಕ್ಷಿಗಳನ್ನು ಕರೆಯುತ್ತದೆ, ಆಪಾದಿತನು ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕಾಗುತ್ತದೆ. ಆದರೆ ಅದೇ ಕೃತ್ಯವನ್ನು ಒಂದು ಸರಕಾರವು ಮಾಡಿದಾಗ, ಅದೂ ಒಬ್ಬನಿಗಲ್ಲ, ಸಾವಿರಾರು ಜನರಿಗೆ ಮಾಡಿದಾಗ, ಲೋಕದ ನಾಲಗೆಯು ತಡವರಿಸತೊಡಗುತ್ತದೆ. ಕೊಲೆಯೆಂಬ ಮಾತು ಇರಬೇಕಾದಲ್ಲಿ ‘ಕಠಿಣ ಕ್ರಮ’ವೆಂಬ ಮಾತು ಬಂದು ಕುಳಿತುಕೊಳ್ಳುತ್ತದೆ, ಚಿತ್ರಹಿಂಸೆಯು ‘ವಿಚಾರಣೆ’ಯೆನಿಸುತ್ತದೆ, ಮನುಷ್ಯರನ್ನು ಹೆಸರಿಲ್ಲದಂತೆ ಕತ್ತಲೆಗೆ ನೂಕುವುದು ‘ಭದ್ರತೆ’ಯೆನಿಸುತ್ತದೆ. ಅಪರಾಧವು ಹಿಗ್ಗಿದಷ್ಟೂ ಅಪರಾಧಿಯು ಕಣ್ಮರೆಯಾಗುವನು. ಇದು ಹೀಗೆಯೇ ಇರತಕ್ಕದ್ದೆ? ಆಳುವವನು ತನ್ನ ಆಳಿಕೆಯಲ್ಲಿ ನಡೆದ ಅನ್ಯಾಯಕ್ಕೆ ಯಾರ ಮುಂದೆ ಹೊಣೆಗಾರನು? ಈ ಪ್ರಶ್ನೆಯನ್ನು ವಾಚಕರೊಡನೆ ಕೂಡಿ ವಿಚಾರಿಸಿ ನೋಡುವುದೇ ಈ ಲೇಖನದ ಉದ್ದೇಶ.

ಪ್ರಶ್ನೆಯು ಹೊಸತಲ್ಲ. ದಂಡವನ್ನು ಹಿಡಿದ ಅರಸನಿಗಿಂತ ಧರ್ಮವು ಮೇಲಿನದೆಂದು ನಮ್ಮ ಹಿರಿಯರು ಬಹಳ ಹಿಂದೆಯೇ ಹೇಳಿದ್ದರು. ಆದರೆ ಅರಸನೇ ಧರ್ಮವನ್ನು ಮೀರಿದರೆ ಅವನನ್ನು ಕರೆದು ನಿಲ್ಲಿಸಿ ಕೇಳುವ ಕಟ್ಟೆ ಯಾವುದು, ಕೇಳುವ ಅಧಿಕಾರವು ಯಾರದು ಎಂಬಲ್ಲಿ ಉತ್ತರವು ಅಷ್ಟು ಸ್ಪಷ್ಟವಾಗಿರಲಿಲ್ಲ. ಬಹುಮಟ್ಟಿಗೆ ಅದನ್ನು ದೈವಕ್ಕೂ ಪರಲೋಕಕ್ಕೂ ಬಿಟ್ಟುಕೊಡಲಾಗಿತ್ತು. ವೇಷವಾಗಲಿ ಕುಲವಾಗಲಿ ಪದವಿಯಾಗಲಿ ನಡೆಗೆ ಹೊದಿಕೆಯಾಗಲಾರದು, ನುಡಿದುದನ್ನು ನಡೆಯ ಒರೆಗಲ್ಲಿಗೆ ಹಚ್ಚಿಯೇ ತಿಳಿಯಬೇಕು ಎಂಬ ಮಾತು ಈ ಪತ್ರಿಕೆಯ ವಾಚಕರಿಗೆ ಪರಿಚಿತವಾದುದೇ. ಆ ಒರೆಗಲ್ಲನ್ನು ಒಬ್ಬ ವ್ಯಕ್ತಿಗೆ ಹಚ್ಚುವುದು ಸುಲಭ. ಒಂದು ಸರಕಾರಕ್ಕೆ ಹಚ್ಚುವುದು ಸಾಧ್ಯವೆ ಎಂಬುದೇ ಇಲ್ಲಿಯ ವಿಷಯ.

ತತ್ತ್ವವಿಚಾರವು ನೆಲೆಯಿಲ್ಲದೆ ತೇಲಿಹೋಗಬಾರದಾದ ಕಾರಣ ನಡೆದುಹೋದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಮುಂದುವರಿಯೋಣ. ಅದು ಆಫ್ರಿಕ ಖಂಡದ ನಡುವೆ ಇರುವ ಚಾಡ್ ದೇಶದ ಸಂಗತಿ. ಉತ್ತರಕ್ಕೆ ಸಹಾರಾ ಮರಳುಗಾಡು, ಸುತ್ತಲೂ ಪರದೇಶಗಳು, ಎಲ್ಲಿಯೂ ಕಡಲ ಕರೆಯಿಲ್ಲದ ಬಡನಾಡು ಅದು. ೧೯೬೦ರಲ್ಲಿ ಫ್ರೆಂಚರ ಆಳಿಕೆಯಿಂದ ಬಿಡುಗಡೆ ಹೊಂದಿತು. ೧೯೮೨ರ ಜೂನ್ ತಿಂಗಳಲ್ಲಿ ಹಿಸೇನ್ ಹಾಬ್ರೆ ಎಂಬಾತನು ಸೈನ್ಯಬಲದಿಂದ ರಾಜಧಾನಿಯಾದ ಎಂಜಮೇನಾ ನಗರವನ್ನು ಹಿಡಿದು ಅಧ್ಯಕ್ಷನಾದನು. ಪ್ಯಾರಿಸ್ಸಿನಲ್ಲಿ ಓದಿದ ವಿದ್ಯಾವಂತನು. ಎಂಟು ವರ್ಷ ಆಳಿದ ಆತನನ್ನು ೧೯೯೦ರ ಡಿಸೆಂಬರಿನಲ್ಲಿ ಇದ್ರಿಸ್ ದೆಬಿ ಎಂಬವನು ಓಡಿಸಿದನು. ಈ ದೆಬಿಯು ಒಂದು ಕಾಲಕ್ಕೆ ಹಾಬ್ರೆಯ ಸೇನಾಧಿಪತಿಯೇ ಆಗಿದ್ದವನು. ಪದಚ್ಯುತನಾದ ಹಾಬ್ರೆಯು ಖಂಡದ ಪಶ್ಚಿಮ ಕರಾವಳಿಯ ಸೆನೆಗಾಲ್ ದೇಶಕ್ಕೆ ಓಡಿಹೋಗಿ, ಅದರ ರಾಜಧಾನಿಯಾದ ಡಾಕರಿನಲ್ಲಿ ನೆಮ್ಮದಿಯಾಗಿ ಮನೆ ಹೂಡಿದನು.

ಆ ಎಂಟು ವರ್ಷಗಳಲ್ಲಿ ನಡೆದುದೇನು? ೧೯೮೩ರಲ್ಲಿ ‘ದಾಖಲೆ ಮತ್ತು ಭದ್ರತಾ ನಿರ್ದೇಶನಾಲಯ’ವೆಂಬ ಇಲಾಖೆಯೊಂದು ಸ್ಥಾಪಿತವಾಯಿತು. ಹೆಸರು ಕೇಳಿದರೆ ಕಾಗದಪತ್ರಗಳನ್ನು ಜೋಡಿಸಿಡುವ ಕಚೇರಿಯೆನಿಸುತ್ತದೆ. ವಾಸ್ತವದಲ್ಲಿ ಅದು ಜನರನ್ನು ಹಿಡಿದು ತಂದು ಹಿಂಸಿಸಿ ಕೊಲ್ಲುವ ಯಂತ್ರವಾಗಿತ್ತು. ೧೯೮೪ರಲ್ಲಿ ದಕ್ಷಿಣದ ಸಾರಾ ಮೊದಲಾದ ಜನಾಂಗಗಳ ಮೇಲೆ, ೧೯೮೭ರಲ್ಲಿ ಹಜೆರಾಯ್ ಜನಾಂಗದ ಮೇಲೆ, ೧೯೮೯ರಲ್ಲಿ ಜಘಾವಾ ಜನಾಂಗದ ಮೇಲೆ, ಹೀಗೆ ಯಾವ ಗುಂಪಿನ ಮುಖಂಡರ ಮೇಲೆ ಸಂಶಯ ಬಂದರೆ ಆ ಇಡೀ ಗುಂಪಿನ ಮೇಲೆ ಕೋಪವು ಎರಗಿತು. ಎಂಜಮೇನಾದಲ್ಲಿ ಫ್ರೆಂಚರ ಕಾಲದ ಈಜುಕೊಳವೊಂದಿತ್ತು. ಅದರ ಮೇಲೆ ಕಾಂಕ್ರೀಟಿನ ಚಾವಣಿಯೆಳೆದು, ಒಳಗೆ ಗೋಡೆಗಳನ್ನು ಕಟ್ಟಿ, ನೆಲದಡಿಯ ಸೆರೆಮನೆಯನ್ನಾಗಿ ಮಾಡಿದರು. ಮಕ್ಕಳು ಈಜಾಡಬೇಕಾಗಿದ್ದ ಸ್ಥಳದಲ್ಲಿ ಮನುಷ್ಯರು ಉಸಿರು ಕಟ್ಟಿ ಸತ್ತರು. ಹಾಬ್ರೆಯ ಪತನದ ಬಳಿಕ ನೇಮಕವಾದ ವಿಚಾರಣಾ ಆಯೋಗವು ೧೯೯೨ರಲ್ಲಿ ವರದಿಯನ್ನೊಪ್ಪಿಸಿ, ಸತ್ತವರ ಸಂಖ್ಯೆಯನ್ನು ೪೦,೦೦೦ ಎಂದು ಅಂದಾಜು ಮಾಡಿತು.

ವರದಿಯೇನೋ ಬಂದಿತು; ಆದರೆ ಅದನ್ನು ಕೈಗೆತ್ತಿಕೊಂಡು ಮುಂದುವರಿದವರಿಲ್ಲ. ನಿರ್ದೇಶನಾಲಯದಲ್ಲಿ ದುಡಿದ ಹಲವರು ಹೊಸ ಸರಕಾರದಲ್ಲಿಯೂ ಅಧಿಕಾರಿಗಳಾಗಿ ಮುಂದುವರಿದರು. ಪರಿಸ್ಥಿತಿ ಹೀಗಿರಲು, ಲೆಕ್ಕವನ್ನು ಕೇಳಹೊರಟವರು ಯಾವ ರಾಜ್ಯದ ಮಂತ್ರಿಗಳೂ ಅಲ್ಲ; ಸೆರೆಮನೆಯಿಂದ ಬದುಕಿ ಬಂದ ಸಾಮಾನ್ಯ ಜನರು. ಅವರಲ್ಲಿ ಸುಲೇಮಾನ್ ಗೆಂಗೆಂಗ್ ಎಂಬಾತನೊಬ್ಬನು. ವೃತ್ತಿಯಿಂದ ಲೆಕ್ಕಪತ್ರ ಬರೆಯುವವನು. ೧೯೮೮ರಲ್ಲಿ ಬಂಧಿತನಾಗಿ ಎರಡು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿದ್ದನು. ರೋಗಗಳಿಂದ ನವೆದು ಸಾವಿನಂಚಿಗೆ ಹೋದನು. ಜೊತೆಯವರು ಸಾಯುವುದನ್ನು ಕಣ್ಣಾರೆ ಕಂಡನು. ತಾನೇನಾದರೂ ಜೀವಂತನಾಗಿ ಹೊರಗೆ ಬಂದರೆ ಈ ಅನ್ಯಾಯವನ್ನು ಲೋಕಕ್ಕೆ ತಿಳಿಸುವೆನೆಂದು ಅಲ್ಲಿಯೇ ಪ್ರತಿಜ್ಞೆ ಮಾಡಿದನು. ಬಿಡುಗಡೆಯಾದ ಮೇಲೆ ತನ್ನಂತೆ ನೊಂದವರನ್ನು ಹುಡುಕಿ ಹುಡುಕಿ, ೭೯೨ ಮಂದಿಯ ಹೇಳಿಕೆಗಳನ್ನು ಸಂಗ್ರಹಿಸಿದನು. ಕಾಲವು ಅನುಕೂಲವಾಗಿಲ್ಲವೆಂದು ಕಂಡಾಗ ಅವುಗಳನ್ನು ಮನೆಯಲ್ಲಿ ಬಚ್ಚಿಟ್ಟು ವರ್ಷಗಟ್ಟಲೆ ಕಾಯ್ದನು.

ಆ ಕಾಲವು ದೂರದ ಒಂದು ಸುದ್ದಿಯಿಂದ ಒದಗಿಬಂದಿತು. ೧೯೯೮ರ ಅಕ್ಟೋಬರಿನಲ್ಲಿ, ದಕ್ಷಿಣ ಅಮೆರಿಕದ ಚಿಲಿ ದೇಶವನ್ನು ಆಳಿದ್ದ ಸೇನಾಪತಿ ಪಿನೋಶೆಯನ್ನು ಲಂಡನ್ನಿನಲ್ಲಿ ಬಂಧಿಸಲಾಯಿತು. ಅವನು ಅನಾರೋಗ್ಯದ ನೆಪದಿಂದ ತನ್ನ ದೇಶಕ್ಕೆ ಮರಳಿ ೨೦೦೬ರಲ್ಲಿ ಶಿಕ್ಷೆಯಾಗದೆಯೇ ಸತ್ತನೆಂಬುದು ಬೇರೆ ಮಾತು. ಆದರೆ ದೇಶವನ್ನಾಳಿದವನನ್ನು ಪರದೇಶದಲ್ಲಿಯೂ ಹಿಡಿದು ನಿಲ್ಲಿಸಬಹುದೆಂಬ ವಿಚಾರವು ಆ ದಿನ ಲೋಕಕ್ಕೆ ಹೊಳೆಯಿತು. ೨೦೦೦ದ ಜನವರಿಯಲ್ಲಿ ಚಾಡ್ ದೇಶದ ಕೆಲವರು ಡಾಕರಿಗೆ ಹೋಗಿ ಹಾಬ್ರೆಯ ಮೇಲೆ ದೂರು ಕೊಟ್ಟರು. ಮುಂದಿನ ತಿಂಗಳೇ ಅಲ್ಲಿಯ ನ್ಯಾಯಾಧೀಶನು ಆತನ ಮೇಲೆ ಆರೋಪವನ್ನು ಹೊರಿಸಿದನು. ಮುಂದಿನ ಕಥೆಯು ದೀರ್ಘವಾದುದು. ಪರದೇಶದಲ್ಲಿ ನಡೆದ ಕೃತ್ಯವನ್ನು ವಿಚಾರಿಸುವ ಅಧಿಕಾರವು ತಮಗಿಲ್ಲವೆಂದು ೨೦೦೧ರಲ್ಲಿ ಸೆನೆಗಾಲಿನ ಉಚ್ಚ ನ್ಯಾಯಾಲಯವು ಕೈಚೆಲ್ಲಿತು. ಅದೇ ವರ್ಷ ಎಂಜಮೇನಾದ ಶಾಂತಿಯುತ ಪ್ರದರ್ಶನವೊಂದರಲ್ಲಿ, ನೊಂದವರ ಪರವಾಗಿ ವಾದಿಸುತ್ತಿದ್ದ ವಕೀಲೆ ಜಾಕ್ಲೀನ್ ಮೂದೈನಾ ಎಂಬಾಕೆ ಪೋಲೀಸರೆಸೆದ ಗ್ರೆನೇಡಿನಿಂದ ಕಾಲಿಗೆ ತೀವ್ರವಾಗಿ ಗಾಯಗೊಂಡಳು. ನೊಂದವರು ಬೆಲ್ಜಿಯಮ್ ದೇಶದ ಬಾಗಿಲನ್ನು ತಟ್ಟಿದರು, ೨೦೦೫ರಲ್ಲಿ ಅಲ್ಲಿಂದ ಬಂಧನದ ಆಜ್ಞೆ ಹೊರಟಿತು, ಸೆನೆಗಾಲ್ ಒಪ್ಪಿಸಲಿಲ್ಲ. ೨೦೦೬ರಲ್ಲಿ ಆಫ್ರಿಕದ ರಾಷ್ಟ್ರಗಳ ಒಕ್ಕೂಟವು, ಇಡೀ ಆಫ್ರಿಕದ ಪರವಾಗಿ ನೀವೇ ವಿಚಾರಿಸಿರೆಂದು ಸೆನೆಗಾಲಿಗೆ ಹೇಳಿತು. ಆದರೂ ವರ್ಷಗಳು ಉರುಳಿದವು. ಕಟ್ಟಕಡೆಗೆ ೨೦೧೨ರ ಜುಲೈ ೨೦ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು, ಆತನನ್ನು ವಿಚಾರಣೆಗೆ ಗುರಿಪಡಿಸಿರಿ, ಇಲ್ಲವೆ ವಿಚಾರಿಸುವವರಿಗೆ ಒಪ್ಪಿಸಿರಿ ಎಂದು ಖಂಡಿತವಾಗಿ ತೀರ್ಪಿತ್ತಿತು. ಅಷ್ಟರಲ್ಲಿ ಸೆನೆಗಾಲಿನಲ್ಲಿ ಅಧ್ಯಕ್ಷರೂ ಬದಲಾಗಿದ್ದರು. ೨೦೧೩ರಲ್ಲಿ ವಿಶೇಷ ನ್ಯಾಯಾಲಯವು ಸ್ಥಾಪಿತವಾಗಿ, ಹಾಬ್ರೆಯ ಬಂಧನವಾಯಿತು. ೨೦೧೫ರ ಜುಲೈ ೨೦ರಂದು ವಿಚಾರಣೆಯು ಆರಂಭವಾಯಿತು; ೨೦೧೬ರ ಮೇ ೩೦ರಂದು ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಚಿತ್ರಹಿಂಸೆ ಇವುಗಳಿಗಾಗಿ ಆತನಿಗೆ ಜೀವಾವಧಿ ಸಜೆ ವಿಧಿಸಲ್ಪಟ್ಟಿತು. ಮೇಲ್ಮನವಿಯಲ್ಲಿಯೂ ೨೦೧೭ರಲ್ಲಿ ಆ ಸಜೆಯೇ ನಿಂತಿತು. ೨೦೨೧ರ ಆಗಸ್ಟಿನಲ್ಲಿ, ಸಜೆಯನ್ನು ಅನುಭವಿಸುತ್ತಿರುವಾಗಲೇ ಆತನು ಕೊರೋನಾ ಜಾಡ್ಯದಿಂದ ಮೃತನಾದನು.

ಸಂಗತಿಯು ಇಷ್ಟು. ಇನ್ನು ಇದರ ಮೇಲೆ ಏಳಬಹುದಾದ ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಪೂರ್ವಪಕ್ಷವಿದು: ಸರಕಾರವೆಂಬುದಕ್ಕೆ ಕೈಯಿಲ್ಲ, ಕಾಲಿಲ್ಲ, ಮನಸ್ಸಿಲ್ಲ. ಅದೊಂದು ವ್ಯವಸ್ಥೆ. ಮೇಲಿನವನು ‘ನಾನು ಯಾರನ್ನೂ ಮುಟ್ಟಲಿಲ್ಲ’ ಎನ್ನುತ್ತಾನೆ; ಕೆಳಗಿನವನು ‘ನಾನು ಅಪ್ಪಣೆಯನ್ನು ಪಾಲಿಸಿದೆ’ ಎನ್ನುತ್ತಾನೆ; ನಡುವಣವನು ‘ನಾನು ಕಾಗದವನ್ನು ಮುಂದಕ್ಕೆ ಕಳಿಸಿದೆ’ ಎನ್ನುತ್ತಾನೆ. ಎಲ್ಲರೂ ಸೇರಿ ಮಾಡಿದುದಕ್ಕೆ ಯಾರೊಬ್ಬರೂ ಕರ್ತೃವಲ್ಲವೆಂದಾದ ಮೇಲೆ ಹೊಣೆಯನ್ನು ಯಾರ ತಲೆಗೆ ಕಟ್ಟುವುದು?

ಈ ವಾದವು ಕೇಳುವುದಕ್ಕೆ ಸೂಕ್ಷ್ಮವಾಗಿ ತೋರಿದರೂ ಇದರಲ್ಲಿ ಹುರುಳಿಲ್ಲ. ವ್ಯವಸ್ಥೆಯೆಂಬುದು ಮನುಷ್ಯರು ಮನುಷ್ಯರಿಗೆ ಕೊಟ್ಟ ಆಜ್ಞೆಗಳ ಸರಪಣಿಯಲ್ಲದೆ ಬೇರೆ ಪದಾರ್ಥವಲ್ಲ. ಸರಪಣಿಯ ಕೊಂಡಿಗಳನ್ನು ಎಣಿಸಿದರೆ ಪ್ರತಿಯೊಂದು ಕೊಂಡಿಯಲ್ಲಿಯೂ ಒಬ್ಬ ಮನುಷ್ಯನಿರುತ್ತಾನೆ. ಎರಡನೆಯ ಮಹಾಯುದ್ಧವು ಮುಗಿದೊಡನೆ ೧೯೪೫–೪೬ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಡೆದ ವಿಚಾರಣೆಯು ಸ್ಥಾಪಿಸಿದ ತತ್ತ್ವವೂ ಇದೇ: ಪದವಿಯು ಹೊಣೆಯನ್ನು ತಪ್ಪಿಸದು, ಅಪ್ಪಣೆಯೂ ಹೊಣೆಯನ್ನು ಅಳಿಸದು. ಚಾಡ್ ದೇಶದಲ್ಲಿ ಈ ಸರಪಣಿಯು ಕಣ್ಣಿಗೆ ಕಾಣುವಂತೆಯೇ ದೊರೆಯಿತು. ಭದ್ರತಾ ನಿರ್ದೇಶನಾಲಯವು ನೇರವಾಗಿ ಅಧ್ಯಕ್ಷನ ಅಧೀನವೆಂದು ಅದನ್ನು ಸ್ಥಾಪಿಸಿದ ಶಾಸನವೇ ಹೇಳುತ್ತಿತ್ತು. ೨೦೦೧ರಲ್ಲಿ, ಪಾಳುಬಿದ್ದಿದ್ದ ಅದರ ಕಚೇರಿಯ ನೆಲದ ಮೇಲೆ ಸಾವಿರಾರು ಕಾಗದಗಳು ಧೂಳು ಹಿಡಿದು ಬಿದ್ದಿರುವುದನ್ನು ಮಾನವ ಹಕ್ಕುಗಳಿಗಾಗಿ ದುಡಿಯುವವರು ಕಂಡುಹಿಡಿದರು. ಅವುಗಳಲ್ಲಿ ೧೨,೩೨೧ ಮಂದಿ ಸಂತ್ರಸ್ತರ ಹೆಸರುಗಳಿದ್ದುವು. ಸೆರೆಯಲ್ಲಿ ಸತ್ತ ೧,೨೦೮ ಮಂದಿಯ ಹೆಸರುಗಳಿದ್ದುವು. ೮೯೮ ಮಂದಿ ಬಂಧಿಗಳ ವಿಷಯವಾಗಿ ಅಧ್ಯಕ್ಷನಿಗೇ ನೇರವಾಗಿ ಹೋದ ೧,೨೬೫ ಪತ್ರಗಳ ಸುಳಿವಿತ್ತು. ಕೊಲ್ಲುವವರು ತಮ್ಮ ಕೈಯಾರೆ ಲೆಕ್ಕವನ್ನು ಬರೆದಿಟ್ಟಿದ್ದರು; ಅದನ್ನು ಯಾರಾದರೂ ಓದಿಯಾರೆಂಬ ಅಳುಕು ಮಾತ್ರ ಅವರಿಗೆ ಇರಲಿಲ್ಲ. ಹೀಗೆ ಮೇಲಿನವನಿಗೆ ತಿಳಿದಿತ್ತೆಂಬುದು ಸಿದ್ಧವಾಯಿತು. ಕೆಳಗಿನವರೂ ತಪ್ಪಿಸಿಕೊಳ್ಳಲಿಲ್ಲ: ೨೦೧೫ರ ಮಾರ್ಚಿನಲ್ಲಿ ಚಾಡ್ ದೇಶದ ನ್ಯಾಯಾಲಯವೇ ಆ ನಿರ್ದೇಶನಾಲಯದ ೨೦ ಮಂದಿ ನೌಕರರಿಗೆ ಶಿಕ್ಷೆ ವಿಧಿಸಿತು. ಹೊಣೆಯನ್ನು ಹಂಚಿಕೊಂಡರೆ ಅದು ಕರಗಿಹೋಗುವುದಿಲ್ಲ. ಹಂಚಿಕೊಂಡ ಪ್ರತಿಯೊಬ್ಬನ ಪಾಲಿಗೂ ಬರುತ್ತದೆ.

ಎರಡನೆಯ ಪೂರ್ವಪಕ್ಷವಿದು: ದೇಶವು ಸಂಕಟದಲ್ಲಿದ್ದಿತು, ಶತ್ರುವು ಗಡಿಯೊಳಗೆ ನುಗ್ಗಿದ್ದನು, ದೇಶವನ್ನುಳಿಸಲು ಆಳುವವನು ಕಠಿಣನಾಗಲೇಬೇಕಾಯಿತು. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಶತ್ರುವಿದ್ದುದು ದಿಟ. ಲಿಬಿಯ ದೇಶದ ಸೈನ್ಯವು ಚಾಡಿನ ಉತ್ತರ ಭಾಗವನ್ನು ಆಕ್ರಮಿಸಿತ್ತು. ೧೯೮೭ರಲ್ಲಿ ಹಾಬ್ರೆಯ ಸೈನ್ಯವೇ ಅದನ್ನು ಶೌರ್ಯದಿಂದ ಹಿಮ್ಮೆಟ್ಟಿಸಿತು. ಆದರೆ ಕಾದುತ್ತಿರುವ ಶತ್ರುವನ್ನು ರಣರಂಗದಲ್ಲಿ ಎದುರಿಸುವುದು ಬೇರೆ, ಕೈಕಾಲು ಕಟ್ಟಿ ಕೆಡಹಿದ ಮನುಷ್ಯನನ್ನು ನೆಲಮಾಳಿಗೆಯಲ್ಲಿ ಹಿಂಸಿಸುವುದು ಬೇರೆ. ಮೊದಲನೆಯದರಲ್ಲಿ ಆಪತ್ತಿದೆ; ಎರಡನೆಯದರಲ್ಲಿ ಯಾವ ಆಪತ್ತಿದೆ? ಕಟ್ಟಿಹಾಕಿದವನಿಂದ ಯಾರಿಗೂ ಭಯವಿಲ್ಲ. ಅಲ್ಲದೆ, ನಿಜವಾಗಿ ಅನಿವಾರ್ಯವಾದ ಕೆಲಸವನ್ನು ಆಳುವವನು ಜನರ ಮುಂದೆ ಹೇಳಿ ಮಾಡಬಲ್ಲನು. ಈಜುಕೊಳಕ್ಕೆ ಚಾವಣಿಯೆಳೆದು ಅದರಡಿಯಲ್ಲಿ ಮಾಡಬೇಕಾದ ಕೆಲಸವು ಅನಿವಾರ್ಯವಾದುದೆಂದು ಮಾಡುವವನೂ ನಂಬಿರಲಾರನು. ಮುಚ್ಚಿಡಬೇಕೆಂದು ತೋರಿದಾಗಲೇ ಅವನ ಅಂತರಂಗವು ತನ್ನ ಸಾಕ್ಷ್ಯವನ್ನು ನುಡಿದಿರುತ್ತದೆ.

ಮೂರನೆಯ ಪೂರ್ವಪಕ್ಷವು ಹೆಚ್ಚು ಗೌರವಕ್ಕೆ ಅರ್ಹವಾದುದು: ಒಂದು ದೇಶದ ಒಳಗಿನ ವಿಚಾರವು ಆ ದೇಶದ ಜನರಿಗೆ ಸೇರಿದುದು, ಹೊರಗಿನವರು ಕೈಹಾಕುವುದು ಸ್ವಾತಂತ್ರ್ಯಕ್ಕೆ ಕುಂದಲ್ಲವೆ? ಪರಕೀಯರ ಆಳಿಕೆಯನ್ನುಂಡ ನಮ್ಮಂಥ ನಾಡಿನವರಿಗೆ ಈ ಮಾತು ಬೇಗ ತಟ್ಟುವುದು ಸಹಜವೇ ಸರಿ. ‘ನಿಮ್ಮನ್ನು ಉದ್ಧರಿಸುತ್ತೇವೆ’ ಎಂದು ಬಂದವರು ಮಾಡಿದುದೇನೆಂದು ನಾವು ಬಲ್ಲೆವು. ಆದರೆ ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಒಂದನೆಯದು, ಸ್ವಾತಂತ್ರ್ಯವೆಂಬುದು ಜನರ ಸೊತ್ತೇ ಹೊರತು ಅವರನ್ನು ಕೊಂದವನ ಸೊತ್ತಲ್ಲ. ಡಾಕರಿನ ಬಾಗಿಲನ್ನು ತಟ್ಟಿದವರು ಹೊರಗಿನವರಲ್ಲ, ಚಾಡ್ ದೇಶದ ಪ್ರಜೆಗಳೇ. ತಮ್ಮ ಮನೆಯ ನ್ಯಾಯವು ತಮ್ಮ ಮನೆಯಲ್ಲಿ ಸಿಕ್ಕದಿದ್ದುದರಿಂದ ಅವರು ನೆರೆಮನೆಗೆ ಬಂದರು. ೨೦೦೨ರಲ್ಲಿ ಚಾಡ್ ಸರಕಾರವೂ ಮಾಜಿ ಅಧ್ಯಕ್ಷನಿಗೆ ತನ್ನ ರಕ್ಷೆಯಿಲ್ಲವೆಂದು ತಿಳಿಸಿತು. ಎರಡನೆಯದು, ಚಿತ್ರಹಿಂಸೆಯನ್ನು ತಡೆಯುವ ೧೯೮೪ರ ಒಡಂಬಡಿಕೆಗೆ ಸೆನೆಗಾಲ್ ತಾನಾಗಿಯೇ ೧೯೮೬ರಲ್ಲಿ ಬದ್ಧವಾಗಿತ್ತು. ಹಿಂಸಕನು ನಮ್ಮ ನೆಲದಲ್ಲಿ ಸಿಕ್ಕಿದರೆ ನಾವೇ ವಿಚಾರಿಸುತ್ತೇವೆ, ಇಲ್ಲವೆ ಒಪ್ಪಿಸುತ್ತೇವೆ ಎಂಬುದು ಅದರ ತಿರುಳು. ಆದ್ದರಿಂದ ಹೇಗ್ ನಗರದ ನ್ಯಾಯಾಲಯವು ಸೆನೆಗಾಲಿನ ಮೇಲೆ ಹೊಸದಾದ ಹೊರೆಯನ್ನೇನೂ ಹೊರಿಸಲಿಲ್ಲ. ನುಡಿದಂತೆ ನಡೆಯಿರಿ ಎಂದಿತು, ಅಷ್ಟೆ. ಇನ್ನೂ ಒಂದು ಮಾತು: ವಿಚಾರಣೆ ನಡೆದುದು ಆಫ್ರಿಕದ ನೆಲದಲ್ಲಿ, ಪೀಠದ ಅಧ್ಯಕ್ಷನು ಬುರ್ಕಿನಾ ಫಾಸೊ ದೇಶದವನು, ಜೊತೆಯ ನ್ಯಾಯಾಧೀಶರು ಸೆನೆಗಾಲಿನವರು. ನ್ಯಾಯವು ಹೊರಗಿನಿಂದ ಬಂದ ದಾನವಾಗಿರಲಿಲ್ಲ.

ನಾಲ್ಕನೆಯ ಪೂರ್ವಪಕ್ಷವು ಧಾರ್ಮಿಕ ಮನಸ್ಸಿನಲ್ಲಿಯೇ ಹುಟ್ಟುವಂಥದು. ಸತ್ತವರು ಮರಳಿ ಬರುವುದಿಲ್ಲ. ಮುಪ್ಪಾದ ಮನುಷ್ಯನೊಬ್ಬನನ್ನು ಸೆರೆಗೆ ಹಾಕಿ ಸಾಧಿಸುವುದೇನು? ಹಗೆಗಿಂತ ಕ್ಷಮೆಯು ಮೇಲಲ್ಲವೆ? ಕ್ಷಮೆಯು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ಷಮಿಸುವ ಹಕ್ಕು ಯಾರದೆಂಬುದನ್ನು ಮೊದಲು ನಿಶ್ಚಯಿಸಬೇಕು. ನನ್ನ ಸಾಲವನ್ನು ನಾನು ಬಿಟ್ಟುಕೊಡಬಹುದು. ನೆರೆಯವನಿಗೆ ಬರಬೇಕಾದ ಸಾಲವನ್ನು ‘ಹೋಗಲಿ ಬಿಡಿ’ ಎಂದು ಬಿಟ್ಟುಕೊಟ್ಟರೆ ಅದು ಔದಾರ್ಯವಲ್ಲ, ಪರರ ಸೊತ್ತಿನ ಅಪಹಾರ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ಮಗನ ಹೆಣವನ್ನೂ ಕಾಣದ ತಂದೆಗೆ ಸೇರಿದ ಕ್ಷಮೆಯನ್ನು ಮಂತ್ರಿಗಳೂ ರಾಯಭಾರಿಗಳೂ ತಮ್ಮ ಅನುಕೂಲಕ್ಕಾಗಿ ದಾನಮಾಡಲು ಬರುವುದಿಲ್ಲ. ಅದೂ ಅಲ್ಲದೆ ಕ್ಷಮೆಯು ತಪ್ಪೊಪ್ಪಿಗೆಯನ್ನು ಎದುರುನೋಡುತ್ತದೆ. ಹಾಬ್ರೆಯು ಏನು ಮಾಡಿದನು? ನ್ಯಾಯಾಲಯವನ್ನೇ ತಾನು ಒಪ್ಪೆನೆಂದು ಕೂಗಾಡಿದನು. ಬಲವಂತದಿಂದ ಕರೆತಂದು ಕೂರಿಸಿದ ಬಳಿಕ ಬಿಳಿಯ ರುಮಾಲಿನಲ್ಲಿ ಮುಖವನ್ನು ಮರೆಸಿ, ಕಪ್ಪು ಕನ್ನಡಕವನ್ನು ಧರಿಸಿ, ತಿಂಗಳುಗಟ್ಟಲೆ ತುಟಿ ಬಿಚ್ಚದೆ ಕುಳಿತನು. ಸುಮಾರು ೯೦ ಮಂದಿ ಸಾಕ್ಷಿಗಳು ಅವನೆದುರು ನಿಂತು ತಮ್ಮ ನೋವನ್ನು ಹೇಳಿಕೊಂಡರು. ಅವರಲ್ಲಿ ಗೆಂಗೆಂಗನೂ ಒಬ್ಬನು. ಅವರ ಮಾತನ್ನು ಚಾಡ್ ದೇಶದ ಜನರು ದೂರದರ್ಶನದಲ್ಲಿ ಕಂಡು ಕೇಳಿದರು. ಒಂದು ಕಾಲಕ್ಕೆ ಪಿಸುಮಾತಿನಲ್ಲಿಯೂ ಆಡಲಾಗದಿದ್ದುದನ್ನು ಎತ್ತಿದ ಧ್ವನಿಯಲ್ಲಿ ಹೇಳಿದರು. ಹೇಳಿದುದನ್ನು ನ್ಯಾಯಪೀಠವು ಬರೆದುಕೊಂಡಿತು. ಸತ್ತವರು ಬರಲಿಲ್ಲ, ನಿಜ. ಆದರೆ ಸತ್ತವರು ಇದ್ದರೆಂಬುದು, ಅವರನ್ನು ಕೊಂದರೆಂಬುದು, ಕೊಂದುದು ತಪ್ಪೆಂಬುದು ಲೋಕದ ಲೆಕ್ಕಪುಸ್ತಕದಲ್ಲಿ ದಾಖಲಾಯಿತು. ಶಿಕ್ಷೆಯ ತಿರುಳು ಇದೇ ಹೊರತು ಮುದುಕನೊಬ್ಬನ ಸಂಕಟವಲ್ಲ. ಇದಾದ ಮೇಲೆ ಕ್ಷಮಿಸುವವರು ಕ್ಷಮಿಸಲಿ. ಆಗ ಅದಕ್ಕೆ ಅರ್ಥವಿದೆ.

ಕಡೆಯದಾದ ಪೂರ್ವಪಕ್ಷವೇ ಎಲ್ಲಕ್ಕಿಂತ ಕಷ್ಟವಾದುದು. ಇದಕ್ಕೆ ಪೂರ್ತಿಯಾದ ಸಮಾಧಾನವನ್ನು ಹೇಳುವುದು ಸಾಧ್ಯವೂ ಅಲ್ಲ. ಕಟಕಟೆಯಲ್ಲಿ ನಿಂತವನು ಬಡದೇಶದ, ಬಲಗುಂದಿದ, ಪದಚ್ಯುತನಾದ ಒಬ್ಬನು. ಅವನಿಗೆ ಆಯುಧವನ್ನೂ ಹಣವನ್ನೂ ಕೊಟ್ಟವರೆಲ್ಲಿ? ಲಿಬಿಯದ ಗಡಾಫಿಯನ್ನು ತಡೆಯುವ ಸಲುವಾಗಿ ಅಮೆರಿಕವೂ ಫ್ರಾನ್ಸೂ ಹಾಬ್ರೆಗೆ ಬೆಂಬಲವಾಗಿದ್ದುವು. ೧೯೮೭ರ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ನರು ಆತನನ್ನು ತಮ್ಮ ಶ್ವೇತಭವನದಲ್ಲಿ ಬರಮಾಡಿಕೊಂಡರು. ಅದು ಹಜೆರಾಯ್ ಜನಾಂಗದ ಮೇಲಿನ ದಬ್ಬಾಳಿಕೆಯು ನಡೆದ ವರ್ಷವೇ. ಒಳಗಿನ ವಿಚಾರದಲ್ಲಿ ಕೈಹಾಕಬಾರದೆನ್ನುವವರು, ಕೈಯು ಆಗಲೇ ಒಳಗಿತ್ತೆಂಬುದನ್ನು ಮರೆಯಬಾರದು. ಆದರೆ ಆ ಕೈಗಳ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ. ಹೇಗ್ ನಗರದಲ್ಲಿ ೨೦೦೨ರಿಂದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವೆಂಬ ಬೇರೊಂದು ಪೀಠವು ಸ್ಥಾಪಿತವಾಗಿದೆ. ಅದಕ್ಕಿಂತ ಹಿಂದಿನ ಕೃತ್ಯಗಳನ್ನು ವಿಚಾರಿಸುವ ಅಧಿಕಾರವು ಅದಕ್ಕಿಲ್ಲವಾದ್ದರಿಂದ ಹಾಬ್ರೆಯ ವಿಚಾರಣೆಯು ಅಲ್ಲಿ ನಡೆಯುವಂತಿರಲಿಲ್ಲ. ಆ ಪೀಠದ ಹೊರಗೆ ಉಳಿದಿರುವವರಾರೆಂದು ನೋಡಿದರೆ ಅಮೆರಿಕ, ರಷ್ಯ, ಚೀನ ಮೊದಲಾದ ಬಲಿಷ್ಠರೇ. ನ್ಯಾಯವು ದುರ್ಬಲನಿಗೆ ಮಾತ್ರ ತಾಗುವುದಾದರೆ ಅದನ್ನು ನ್ಯಾಯವೆನ್ನಬಹುದೆ?

ಇದಕ್ಕೆ ಉತ್ತರವಾಗಿ ಹೇಳಬಹುದಾದುದು ಇಷ್ಟು. ಅಪೂರ್ಣವಾದ ನ್ಯಾಯವನ್ನು ಕಂಡು, ಅದನ್ನು ಪೂರ್ಣಗೊಳಿಸಿರಿ ಎನ್ನುವವನೊಬ್ಬನು. ಅದನ್ನೂ ಬಿಟ್ಟುಬಿಡಿರಿ ಎನ್ನುವವನೊಬ್ಬನು. ಎರಡನೆಯವನ ಮಾತಿನಿಂದ ಬಲಿಷ್ಠರಿಗೆ ಲಾಭವಾಗುವುದೇ ಹೊರತು ನೊಂದವರಿಗಲ್ಲ. ಆದರೆ ಮೊದಲನೆಯವನ ಮಾತಿಗೆ ಬೆಲೆ ಬರಬೇಕಾದರೆ, ಅವನು ಆ ತಕ್ಕಡಿಯಲ್ಲಿ ತನ್ನನ್ನೂ ತೂಗಿಸಿಕೊಳ್ಳಲು ಸಿದ್ಧನಾಗಿರಬೇಕು. ಪರರ ಸರಕಾರವನ್ನು ಕಟಕಟೆಗೆ ಕರೆಯುವವನು ತನ್ನ ಸರಕಾರದ ಮಾತು ಬಂದಾಗ ಬಾಗಿಲು ಮುಚ್ಚಿಕೊಂಡರೆ, ಅವನ ನುಡಿಯಲ್ಲಿ ಇರುವುದು ನ್ಯಾಯವಲ್ಲ, ಪಕ್ಷಪಾತ.

ಇಲ್ಲಿ ನಮ್ಮ ಮನೆಯ ಕಡೆಗೂ ಒಮ್ಮೆ ನೋಡಿಕೊಳ್ಳುವುದು ಯುಕ್ತ. ೧೯೪೮ರ ಡಿಸೆಂಬರ್ ೧೦ರಂದು ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥಕ್ಕೆ ಎಡೆಗೊಡುತ್ತಿದ್ದ ಮಾತನ್ನು ತೆಗೆಸಿ ‘ಎಲ್ಲ ಮಾನವರು’ ಎಂಬ ಮಾತನ್ನು ಇರಿಸುವಂತೆ ಮಾಡಿದವರು ಭಾರತದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹತಾ ಅವರು. ಇದು ನಾವು ಹೆಮ್ಮೆಪಡತಕ್ಕ ಸಂಗತಿ. ಆದರೆ ಸೆನೆಗಾಲಿನ ಕೈಯನ್ನು ಕಟ್ಟಿದ ಆ ಚಿತ್ರಹಿಂಸಾ ವಿರೋಧೀ ಒಡಂಬಡಿಕೆಗೆ ೧೯೯೭ರಲ್ಲಿ ಸಹಿ ಹಾಕಿದ ಭಾರತವು ಅದನ್ನು ಈವರೆಗೆ ಅನುಮೋದಿಸಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೂ ಅದು ಸೇರಿಲ್ಲ. ಇದಕ್ಕೆ ಸರಕಾರಗಳು ಕಾರಣಗಳನ್ನು ಕೊಟ್ಟಿವೆ. ಆ ಕಾರಣಗಳನ್ನು ವಿದ್ವಾಂಸರು ಚರ್ಚಿಸಲಿ. ಆದರೆ ಪೋಲೀಸು ಠಾಣೆಯ ಕೋಣೆಯಲ್ಲಿ ಪೆಟ್ಟು ತಿನ್ನುವ ಬಡವನಿಗೆ ಆ ಸಹಿಯೂ ಅನುಮೋದನೆಯೂ ಬೇರೆಬೇರೆಯಾಗಿರುವುದೇಕೆಂದು ಕೇಳುವ ಹಕ್ಕಿದೆ. ಅವನ ಪರವಾಗಿ ಕೇಳುವ ಕರ್ತವ್ಯವು ನಮಗಿದೆ. ಚಾಡ್ ದೇಶದ ಕಥೆಯನ್ನೋದಿ ಮರುಗುವವನು ತನ್ನ ಊರಿನ ಠಾಣೆಯ ಮುಂದೆ ನಡೆದುಹೋಗುವಾಗ ಕಿವಿ ಮುಚ್ಚಿಕೊಂಡರೆ ಆ ಮರುಕಕ್ಕೆ ಬೆಲೆಯೇನು?

ಹಾಬ್ರೆಯ ಕಥೆಯು ಮಂಗಳವಾಗಿ ಮುಗಿದ ಕಥೆಯೆಂದು ವಾಚಕರು ತಿಳಿಯಬಾರದು. ಮೇಲ್ಮನವಿಯ ಪೀಠವು ಹೆಸರು ಗುರುತಿಸಲಾದ ೭,೩೯೬ ಮಂದಿಗೆ ಒಟ್ಟು ೮,೨೦೦ ಕೋಟಿಗೂ ಹೆಚ್ಚು ಸಿ.ಎಫ್.ಎ. ಫ್ರಾಂಕುಗಳ ಪರಿಹಾರವನ್ನು ಕೊಡತಕ್ಕದ್ದೆಂದು ವಿಧಿಸಿತು. ತೀರ್ಪು ಹೊರಬಿದ್ದು ವರ್ಷಗಳೇ ಕಳೆದರೂ ಆ ಹಣವು ಕೈಸೇರದೆ ಅವರಲ್ಲಿ ಎಷ್ಟೋ ಮಂದಿ ತೀರಿಹೋದರು. ನ್ಯಾಯವು ಬಂದುದು ಇಪ್ಪತ್ತೈದು ವರ್ಷಗಳ ತರುವಾಯ, ಬಂದುದು ಕುಂಟುತ್ತಾ, ಬಂದುದು ಅರ್ಧ. ಆದರೂ ಬಂದಿತು. ಅದನ್ನು ತಂದವರು ಯಾರು? ಬಲಿಷ್ಠ ರಾಷ್ಟ್ರಗಳು ಮೊದಮೊದಲು ಸುಮ್ಮನಿದ್ದುವು. ಆತಿಥ್ಯವಿತ್ತ ದೇಶವು ನುಣುಚಿಕೊಂಡಿತು. ಸೆರೆಯಿಂದ ಬಂದವರು, ವಿಧವೆಯರು, ಗಾಯಗೊಂಡ ಒಬ್ಬ ವಕೀಲೆ, ಲೆಕ್ಕ ಬರೆಯುವ ಒಬ್ಬ ಗುಮಾಸ್ತ, ಇವರು ಸುಮ್ಮನಿರಲಿಲ್ಲ. ೭೯೨ ಹೇಳಿಕೆಗಳನ್ನು ಬಚ್ಚಿಟ್ಟ ಆ ಮನೆಯಲ್ಲಿ ಹಾಬ್ರೆಯ ವಿಚಾರಣೆಯು ಡಾಕರಿಗಿಂತ ಎಷ್ಟೋ ಮೊದಲೇ ಆರಂಭವಾಗಿತ್ತು.

ಆಳುವವನು ಯಾರ ಮುಂದೆ ಹೊಣೆಗಾರನು ಎಂಬ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಹುದು. ಅವನು ಮೊದಲು ಹೊಣೆಗಾರನಾಗಿರುವುದು ತಾನು ನೋಯಿಸಿದವರ ಮುಂದೆ. ನ್ಯಾಯಾಲಯಗಳೂ ಒಡಂಬಡಿಕೆಗಳೂ ಆ ಹೊಣೆಯನ್ನು ಹೊಸದಾಗಿ ಸೃಷ್ಟಿಸುವುದಿಲ್ಲ. ಇರುವ ಹೊಣೆಯನ್ನು ವಸೂಲು ಮಾಡಲು ನೆರವಾಗುತ್ತವೆ. ಅವು ನೆರವಾಗಬೇಕಾದರೆ ನೊಂದವರು ಹೇಳಬೇಕು, ಹೇಳಿದುದನ್ನು ಇತರರು ಬರೆದಿಡಬೇಕು, ಬರೆದುದನ್ನು ಲೋಕವು ಓದಬೇಕು. ಈ ಮೂರರಲ್ಲಿ ಕಡೆಯ ಎರಡು ನಮ್ಮಂಥವರ ಪಾಲಿನ ಕಾಯಕ. ನಮ್ಮ ಕೈಯಲ್ಲಿ ಸೈನ್ಯವಿಲ್ಲ, ಪೀಠವಿಲ್ಲ, ದಂಡವಿಲ್ಲ. ಆದರೆ ಕೊಲೆಯನ್ನು ಕೊಲೆಯೆಂದೂ, ಹಿಂಸೆಯನ್ನು ಹಿಂಸೆಯೆಂದೂ ಅದರ ನಿಜವಾದ ಹೆಸರಿನಿಂದ ಕರೆಯುವ ನಾಲಗೆಯಿದೆ. ಯಾವ ಸರಕಾರವು ಮಾಡಿದರೂ, ಅದು ನಮ್ಮ ಪಕ್ಷದ್ದೇ ಆಗಿರಲಿ, ನಮ್ಮ ಮತದವರದೇ ಆಗಿರಲಿ, ನಮ್ಮ ದೇಶದ್ದೇ ಆಗಿರಲಿ, ಆ ನಾಲಗೆಯು ತಡವರಿಸದಂತೆ ಕಾಪಾಡಿಕೊಳ್ಳುವುದು ಪ್ರತಿಯೊಬ್ಬ ವಿಚಾರವಂತನ ಧರ್ಮವಾಗಿದೆ.